ಸೋರುವ ಕಿವಿಗೆ ಯಾವ ಸ್ಕ್ಯಾನ್? ಒಂದು ಪ್ರಕರಣ

ರೋಗಿ 38 ವರ್ಷದ ಮಹಿಳೆ. ಮಲೆನಾಡಿನ ಸಣ್ಣ ಊರಿನವರು, ಮನೆಯಲ್ಲೇ ಹೊಲಿಗೆ ಕೆಲಸ. (ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಬಲಗಿವಿ ಚಿಕ್ಕಂದಿನಿಂದ ಸೋರುತ್ತದೆ. ಜಾಸ್ತಿ ಏನಲ್ಲ, ದಿಂಬಿನ ಮೇಲೆ ಒಂದು ಕಲೆ ಬೀಳುವಷ್ಟು. ಆದರೆ ಕೆಟ್ಟ ವಾಸನೆ. ಅದಕ್ಕೇ ನಾಚಿಕೊಂಡು ನೆಂಟರ ಮನೆಯಲ್ಲಿ ರಾತ್ರಿ ಉಳಿಯುವುದನ್ನೇ ಬಿಟ್ಟಿದ್ದರು. ಆ ಕಡೆ ಕೇಳಿಸುವುದೂ ಕಮ್ಮಿ. ಇದೆಲ್ಲ ಹಳೆಯ ತೊಂದರೆ. ಹೊಸದಾಗಿ ಸೇರಿಕೊಂಡಿದ್ದು ತಲೆಸುತ್ತು. ಕಿವಿಯನ್ನು ಒತ್ತಿದರೆ, ಜೋರಾಗಿ ಸೀನಿದರೆ ಮನೆಯೇ ತಿರುಗಿದ ಹಾಗಾಗುತ್ತದೆ ಅಂದರು.

ನನ್ನ ಹತ್ತಿರ ಬರುವ ಹೊತ್ತಿಗೆ ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ತುಂಬ ಫಿಲ್ಮ್‌ಗಳಿದ್ದವು. ಒಂದು ಸೈನಸ್ ಎಕ್ಸ್‌ರೇ. ಒಂದು ಮಿದುಳಿನ ಎಂಆರ್‌ಐ. ಜೊತೆಗೆ ಸೈನಸ್‌ನ ಸಿಟಿ ಮಾಡಿಸಿ ಅಂತ ಬರೆದ ಚೀಟಿ. ಅದನ್ನು ಇನ್ನೂ ಮಾಡಿಸಿರಲಿಲ್ಲ. ಎಂಆರ್‌ಐ ರಿಪೋರ್ಟಿನ ಕೊನೆಯ ಸಾಲಿನಲ್ಲಿ 'ಬಲಗಡೆ ಮ್ಯಾಸ್ಟಾಯ್ಡೈಟಿಸ್' ಅಂತಿತ್ತು. ಕರೆದುಕೊಂಡು ಬಂದಿದ್ದ ತಮ್ಮನಿಗೆ ಆ ಒಂದು ಸಾಲೇ ನಿದ್ದೆ ಕೆಡಿಸಿತ್ತು.

"ಡಾಕ್ಟ್ರೇ, ಇದು ಮಿದುಳಿಗೆ ಹೋಗುತ್ತಂತೆ. ಇನ್ನೂ ದೊಡ್ಡ ಮೆಷಿನ್ನಲ್ಲಿ ಇನ್ನೊಂದು ಸಲ ಮಾಡಿಸೋಣ್ವಾ?"

ಮೆಷಿನ್ ದೊಡ್ಡದೋ ಚಿಕ್ಕದೋ ಅನ್ನುವುದಕ್ಕಿಂತ, ಅದರಿಂದ ಏನು ತಿಳಿದುಕೊಳ್ಳಬೇಕಾಗಿದೆ ಅನ್ನುವುದು ಮುಖ್ಯ. ಈ ಕವರ್‌ನಲ್ಲಿದ್ದ ಯಾವ ಪರೀಕ್ಷೆಯ ಹಿಂದೆಯೂ ಅಂಥ ಪ್ರಶ್ನೆ ಇರಲಿಲ್ಲ. ತಲೆಸುತ್ತು ಅಂದಿದ್ದಕ್ಕೆ ಮಿದುಳು ನೋಡಿದ್ದಾರೆ. ತಲೆ ಭಾರ ಅಂದಿದ್ದಕ್ಕೆ ಸೈನಸ್ ನೋಡಿದ್ದಾರೆ. ಮೂವತ್ತು ವರ್ಷದಿಂದ ಸೋರುತ್ತಿದ್ದ ಕಿವಿಯೊಳಗೆ ಮಾತ್ರ ಯಾರೂ ಇಣುಕಿದ ಹಾಗೆ ಕಾಣಲಿಲ್ಲ.

ಆ ಎಂಆರ್‌ಐ ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು. ಇದೇ ಕಾರಣಕ್ಕೆ ಗಾಬರಿಯಾಗಿ ಬರುವವರು ತುಂಬಾ ಜನ. ಕಿವಿಯ ಹಿಂದೆ ಕೈಗೆ ಸಿಗುವ ಉಬ್ಬು ಮೂಳೆಯೇ ಮ್ಯಾಸ್ಟಾಯ್ಡ್. ಅದಕ್ಕೆ ಸೋಂಕು ತಗುಲಿದರೆ ಮ್ಯಾಸ್ಟಾಯ್ಡೈಟಿಸ್. ಸಾಮಾನ್ಯವಾಗಿ ಅದರೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳಿರುತ್ತವೆ. ಎಂಆರ್‌ಐನಲ್ಲಿ ಗಾಳಿ ಕಪ್ಪು. ಆ ಗೂಡುಗಳಲ್ಲಿ ಒಂದಿಷ್ಟು ನೀರು ಸೇರಿದರೂ, ಒಳಪದರ ಸ್ವಲ್ಪ ಊದಿದರೂ ಟಿ2 (ನೀರು ಬೆಳ್ಳಗೆ ಕಾಣುವ ಬಗೆ) ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ನೆಗಡಿ ಬಂದು ಹೋದವರಲ್ಲೂ ಹೀಗೆ ಕಾಣಬಹುದು. ಕಿವಿಯ ತೊಂದರೆಯೇ ಇಲ್ಲದವರ ತಲೆಯ ಎಂಆರ್‌ಐನಲ್ಲೂ ಇದು ಆಗಾಗ ಸಿಗುತ್ತದೆ. ಅದನ್ನೆಲ್ಲ ಮ್ಯಾಸ್ಟಾಯ್ಡೈಟಿಸ್ ಅಂತ ಬರೆದರೆ ಓದುವವರಿಗೆ ಬೇರೆಯೇ ಅರ್ಥ ಹೊಳೆಯುತ್ತದೆ. ನಿಜವಾದ ತೀವ್ರ ಮ್ಯಾಸ್ಟಾಯ್ಡೈಟಿಸ್ ಬಂದವರಿಗೆ ಜ್ವರ ಇರುತ್ತದೆ, ಕಿವಿಯ ಹಿಂದೆ ಕೆಂಪಗೆ ಊದಿ ಮುಟ್ಟಿದರೆ ನೋವಾಗುತ್ತದೆ, ಕಿವಿಯೇ ಮುಂದಕ್ಕೆ ತಳ್ಳಿದ ಹಾಗೆ ಕಾಣುತ್ತದೆ. ಈಕೆಗೆ ಅದ್ಯಾವುದೂ ಇರಲಿಲ್ಲ.

ಸೈನಸ್ ಎಕ್ಸ್‌ರೇ ಬಗ್ಗೆ ಹೇಳುವುದು ಕಡಿಮೆ. ಮೂಗು ಕಟ್ಟುವುದಿಲ್ಲ, ಸಿಂಬಳ ಇಲ್ಲ, ವಾಸನೆ ಸರಿಯಾಗಿ ಗೊತ್ತಾಗುತ್ತದೆ. ಸುಮ್ನೆ ತೆಗೆಸಿದ್ದು.

ಮೈಕ್ರೋಸ್ಕೋಪಿನ ಕೆಳಗೆ ಕಿವಿಯ ಕೀವನ್ನು ಮೆಲ್ಲಗೆ ಸಕ್ಷನ್ ಮಾಡಿದೆ. ಕಿವಿತಮಟೆಯ ಕೆಳಗಿನ ದೊಡ್ಡ ಭಾಗ ಹೆಚ್ಚುಕಡಿಮೆ ಸರಿಯಾಗಿತ್ತು. ಮೇಲ್ಭಾಗದಲ್ಲಿ, ನಾವು ಅಟಿಕ್ ಅನ್ನುವ ಜಾಗದಲ್ಲಿ, ತಮಟೆ ಒಳಕ್ಕೆ ಎಳೆದುಕೊಂಡು ಒಂದು ಜೇಬಿನ ಹಾಗಾಗಿತ್ತು. ಅದರ ಬಾಯಲ್ಲಿ ಮುತ್ತಿನಂಥ ಬಿಳಿ ಹೊಟ್ಟು, ಪಕ್ಕದಲ್ಲಿ ಮುಟ್ಟಿದರೆ ರಕ್ತ ಜಿನುಗುವ ಕೆಂಪು ಮಾಂಸ. ಇದು ಕೊಲೆಸ್ಟಿಯೇಟೋಮಾ. ಹೆಸರು ಕೇಳಿ ಗಡ್ಡೆ, ಕ್ಯಾನ್ಸರ್ ಅಂತೆಲ್ಲ ಹೆದರುತ್ತಾರೆ. ಕ್ಯಾನ್ಸರ್ ಅಲ್ಲ. ಇರಬಾರದ ಜಾಗದಲ್ಲಿ, ಅಂದರೆ ನಡುಗಿವಿಯಲ್ಲಿ, ಸೇರಿಕೊಂಡ ಚರ್ಮ. ಚರ್ಮ ಎಲ್ಲಿದ್ದರೂ ಹೊಟ್ಟು ಉದುರಿಸುತ್ತದೆ. ಇಲ್ಲಿ ಆ ಹೊಟ್ಟಿಗೆ ಹೊರಗೆ ಹೋಗಲು ದಾರಿ ಇಲ್ಲ. ಚೀಲ ತುಂಬುತ್ತಾ ಹೋಗುತ್ತದೆ, ಕೊಳೆಯುತ್ತದೆ, ಸುತ್ತಲಿನ ಮೂಳೆಯನ್ನು ತಿನ್ನುತ್ತದೆ. ಕೆಟ್ಟ ವಾಸನೆ ಅದರದ್ದೇ.

512 ಹರ್ಟ್ಸ್‌ನ ಶ್ರುತಿಕವೆಯನ್ನು ಹಣೆಯ ಮೇಲಿಟ್ಟಾಗ ಸದ್ದು ಬಲಗಡೆ, ಅಂದರೆ ಕೆಟ್ಟ ಕಿವಿಯ ಕಡೆಗೇ ಜೋರಾಗಿ ಕೇಳಿಸಿತು. ಬಲಗಿವಿಯ ಮುಂದೆ ಹಿಡಿದರೆ ಕಡಿಮೆ, ಹಿಂದಿನ ಮೂಳೆಗೆ ತಾಗಿಸಿದರೆ ಜಾಸ್ತಿ. ಅಂದರೆ ನರ ಚೆನ್ನಾಗಿದೆ, ಸದ್ದು ಸಾಗಿಸುವ ದಾರಿ ಕೆಟ್ಟಿದೆ. ಆಡಿಯೋಗ್ರಾಮ್ ಕೂಡ ಅದನ್ನೇ ಹೇಳಿತು. ಗಾಳಿಯ ಮೂಲಕ ಕೇಳುವುದಕ್ಕೂ ಮೂಳೆಯ ಮೂಲಕ ಕೇಳುವುದಕ್ಕೂ 40 ಡೆಸಿಬಲ್‌ಗಿಂತ ಜಾಸ್ತಿ ಅಂತರ. ಕೊನೆಗೆ ಕಿವಿಯ ಮುಂದಿನ ಮೆದುಮೂಳೆಯನ್ನು ಒಳಕ್ಕೆ ಒತ್ತಿ ಕಣ್ಣು ನೋಡಿದೆ. ಇದಕ್ಕೆ ಫಿಸ್ಟುಲಾ ಪರೀಕ್ಷೆ ಅನ್ನುತ್ತೇವೆ. ಕಣ್ಣುಗುಡ್ಡೆಗಳು ಒಂದು ಪಕ್ಕಕ್ಕೆ ಸರಿದು ಕಂಪಿಸಿದವು. "ಅಯ್ಯೋ, ಬಿಡಿ ಬಿಡಿ, ಸುತ್ತುತ್ತೆ" ಅಂತ ನನ್ನ ಕೈ ಹಿಡಿದುಕೊಂಡರು. ಒಳಗಿವಿಯಲ್ಲಿ ಸಮತೋಲನ ನೋಡಿಕೊಳ್ಳುವ ಅಡ್ಡ ಅರೆವೃತ್ತ ನಾಳದ ಮೇಲಿನ ಮೂಳೆ ಸವೆದು ತೂತಾಗಿರಬೇಕು ಅನ್ನುವುದಕ್ಕೆ ಇದು ಗುರುತು. ತಲೆಸುತ್ತಿನ ಕಾರಣ ಮಿದುಳಲ್ಲಿ ಹುಡುಕುವ ಅಗತ್ಯ ಇರಲಿಲ್ಲ.

(ಇಂಥ ಕಿವಿಗೆ ಪಿಚಕಾರಿಯಲ್ಲಿ ನೀರು ಬಿಡಬಾರದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನಂತೂ ಬಿಡಲೇಬಾರದು. ಈಕೆ ಎರಡನ್ನೂ ಕಂಡವರು. ಜೆಂಟಾಮೈಸಿನ್ ಜಾತಿಯ ಹನಿಗಳೂ ಬೇಡ, ಒಳಗಿವಿಗೆ ಪೆಟ್ಟಾಗಬಹುದು. ಸಿಪ್ರೋಫ್ಲಾಕ್ಸಸಿನ್ ಹನಿ ಕೊಟ್ಟೆ.)

ಇಷ್ಟು ಹೊತ್ತಿಗೆ ರೋಗ ಯಾವುದು ಅಂತ ಗೊತ್ತಾಗಿದೆ. ಆಪರೇಷನ್ ಬೇಕು ಅಂತಲೂ ಗೊತ್ತಾಗಿದೆ. ಯಾಕೆಂದರೆ ಈ ಚರ್ಮದ ಚೀಲವನ್ನು ಕರಗಿಸುವ ಮಾತ್ರೆ ಇಲ್ಲ. ಹಾಗಾದರೆ ಸ್ಕ್ಯಾನ್ ಯಾಕೆ? ತಮ್ಮ ಕೇಳಿದ್ದೂ ಇದನ್ನೇ. "ಕಾಯಿಲೆ ಗೊತ್ತಾಯ್ತಲ್ವಾ, ಮತ್ತೆ ಯಾಕೆ ಸರ್ ಖರ್ಚು?"

ಒಳ್ಳೆಯ ಪ್ರಶ್ನೆ. ನನಗೆ ಬೇಕಾಗಿದ್ದು ಆಪರೇಷನ್‌ಗೆ ಮುಂಚೆ ದಾರಿಯ ನಕ್ಷೆ. ಚೀಲ ಎಲ್ಲಿವರೆಗೆ ಹೋಗಿದೆ? ಅಡ್ಡ ನಾಳದ ತೂತು ಎಷ್ಟು ದೊಡ್ಡದು? ನಡುಗಿವಿಗೂ ಮಿದುಳಿಗೂ ನಡುವಿನ ತೆಳು ಛಾವಣಿ ಗಟ್ಟಿಯಾಗಿದೆಯಾ? ಮುಖದ ನರ ಸಾಗುವ ಮೂಳೆಯ ಕೊಳವೆ ಹೇಗಿದೆ? ಹಿಂದಿನ ದೊಡ್ಡ ರಕ್ತನಾಳ ಎಷ್ಟು ಮುಂದಕ್ಕೆ ಬಂದಿದೆ? ಕಿವಿಯ ಮೂರು ಪುಟ್ಟ ಮೂಳೆಗಳಲ್ಲಿ ಎಷ್ಟು ಉಳಿದಿವೆ? ಎಲ್ಲವೂ ಮೂಳೆಯ ಪ್ರಶ್ನೆಗಳು. ಕೆಲವು ಒಂದೆರಡು ಮಿಲಿಮೀಟರಿನ ವಿಷಯ. ಮೂಳೆಯನ್ನು ಇಷ್ಟು ಸೂಕ್ಷ್ಮವಾಗಿ ತೋರಿಸುವುದು ಕಿವಿ ಇರುವ ತಲೆಬುರುಡೆಯ ಮೂಳೆಯ ತೆಳು ಹಲ್ಲೆಗಳ ಸಿಟಿ, ಅಂದರೆ ಟೆಂಪೊರಲ್ ಬೋನ್ ಎಚ್‌ಆರ್‌ಸಿಟಿ. ಮಿದುಳಿನ ಮಾಮೂಲಿ ಸಿಟಿಯ ದಪ್ಪ ದಪ್ಪ ಹಲ್ಲೆಗಳಲ್ಲಿ ಇದು ಸಿಗುವುದಿಲ್ಲ. ಎಂಆರ್‌ಐ ಮೂಳೆಯ ವಿಚಾರದಲ್ಲಿ ಅಷ್ಟಕ್ಕಷ್ಟೇ. ಅದರಲ್ಲಿ ಗಾಳಿಯೂ ಕಪ್ಪು, ಗಟ್ಟಿ ಮೂಳೆಯೂ ಕಪ್ಪು.

ಹಿಂದೆ ಮ್ಯಾಸ್ಟಾಯ್ಡ್ ಎಕ್ಸ್‌ರೇ ತೆಗೆಸುತ್ತಿದ್ದರು. ಶೂಲರ್ ವ್ಯೂ ಅಂತ. ಮ್ಯಾಸ್ಟಾಯ್ಡ್‌ನಲ್ಲಿ ಗಾಳಿಯ ಗೂಡುಗಳು ಇವೆಯಾ, ಛಾವಣಿ ಎಷ್ಟು ಕೆಳಗಿದೆ, ರಕ್ತನಾಳ ಎಷ್ಟು ಮುಂದಿದೆ ಅನ್ನುವುದು ಅದರಲ್ಲಿ ಅಂದಾಜಿಗೆ ಸಿಗುತ್ತಿತ್ತು. ಆ ಕಾಲದ ಸರ್ಜನ್‌ಗಳು ಅಷ್ಟನ್ನೇ ನಂಬಿ ಒಳ್ಳೆಯ ಆಪರೇಷನ್ ಮಾಡಿದ್ದಾರೆ. ಆದರೆ ಒಂದರ ಮೇಲೊಂದು ಬಿದ್ದ ನೆರಳುಗಳಲ್ಲಿ ಅಡ್ಡ ನಾಳದ ತೂತನ್ನು ಹುಡುಕಲು ಆಗದು. ಈಕೆಯ ವಿಷಯದಲ್ಲಿ ನನಗೆ ಬೇಕಾಗಿದ್ದ ಮುಖ್ಯ ಉತ್ತರ ಅದೇ.

ಇನ್ನು ಚೀಟಿ. ಸ್ಕ್ಯಾನ್ ಆಯ್ಕೆ ಮಾಡುವುದು ಅಂದರೆ ಅರ್ಧ ಕೆಲಸ ಈ ಚೀಟಿ ಬರೆಯುವುದು. 'ಸಿಟಿ, ಕಿವಿ' ಅಂತ ಗೀಚಿದರೆ ಬರುವ ಉತ್ತರವೂ ಹಾಗೇ ಇರುತ್ತದೆ. ನಾನು ಬರೆದದ್ದು ಇಷ್ಟು: ಎರಡೂ ಕಡೆಯ ಟೆಂಪೊರಲ್ ಬೋನ್ ಎಚ್‌ಆರ್‌ಸಿಟಿ, ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ಔಷಧಿ) ಬೇಡ, 0.6 ಮಿ.ಮೀ. ಅಥವಾ ಅದಕ್ಕಿಂತ ತೆಳು ಹಲ್ಲೆ, ಅಡ್ಡ ಮತ್ತು ನೇರ ಎರಡೂ ನೋಟ. ಬಲಗಡೆ ಅಟಿಕ್ ಕೊಲೆಸ್ಟಿಯೇಟೋಮಾ ಕಣ್ಣಿಗೆ ಕಂಡಿದೆ, ಫಿಸ್ಟುಲಾ ಪರೀಕ್ಷೆ ಪಾಸಿಟಿವ್. ಅಡ್ಡ ನಾಳ, ಛಾವಣಿ, ಮುಖದ ನರದ ಕೊಳವೆ, ಮೂರು ಮೂಳೆಗಳ ಬಗ್ಗೆ ದಯವಿಟ್ಟು ಹೇಳಿ. ಹಿಂದೆ ಕಿವಿಗೆ ಆಪರೇಷನ್ ಆಗಿಲ್ಲ. ಚೆನ್ನಾಗಿರುವ ಎಡಗಿವಿಯನ್ನು ಸೇರಿಸಿದ್ದು ಸುಮ್ನೆ ಅಲ್ಲ. ಅದೇ ಸ್ಕ್ಯಾನ್‌ನಲ್ಲಿ ಎರಡೂ ಬರುತ್ತವೆ, ಈಕೆಯ ಸಹಜ ಕಿವಿ ಹೇಗಿದೆ ಅಂತ ಪಕ್ಕದಲ್ಲಿಟ್ಟು ಹೋಲಿಸಬಹುದು.

ಕಾಂಟ್ರಾಸ್ಟ್ ಯಾಕೆ ಬೇಡ? ಸ್ಕ್ಯಾನ್ ಸೆಂಟರಿನವರೂ ಫೋನ್ ಮಾಡಿ ಕೇಳಿದರು, 'ಹಾಕಿದರೆ ಇನ್ನೂ ಚೆನ್ನಾಗಿ ಕಾಣುತ್ತಲ್ಲ ಸರ್' ಅಂತ. ಮೂಳೆ ನೋಡುವುದಕ್ಕೆ ಕಾಂಟ್ರಾಸ್ಟ್‌ನಿಂದ ಏನೂ ಲಾಭವಿಲ್ಲ. ಸೂಜಿ, ಖರ್ಚು, ಅಲರ್ಜಿಯ ಭಯ ಅಷ್ಟೇ ಜಾಸ್ತಿ. ಆದರೆ ಇದೇ ರೋಗಿ ಜ್ವರ, ವಾಂತಿ, ಬಿಡದ ತಲೆನೋವು, ಮಂಪರು ಅಂತ ಬಂದಿದ್ದರೆ ಲೆಕ್ಕವೇ ಬೇರೆ. ಆಗ ಪ್ರಶ್ನೆ ಮೂಳೆ ದಾಟಿ ಮಿದುಳಿಗೆ ಹೋಗುತ್ತದೆ. ಕೀವಿನ ಗಡ್ಡೆ ಇದೆಯಾ, ಹಿಂದಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡಬೇಕು. ಕಾಂಟ್ರಾಸ್ಟ್ ಹಾಕಿದ ಸಿಟಿ ತಕ್ಷಣ ಬೇಕು, ಆದಷ್ಟು ಬೇಗ ಕಾಂಟ್ರಾಸ್ಟ್ ಎಂಆರ್‌ಐ, ಆ ರಕ್ತನಾಳವನ್ನು ತೋರಿಸುವ ವೀನೋಗ್ರಾಮ್ ಕೂಡ. ಅಥವಾ ಕಿವಿತಮಟೆ ಚೆನ್ನಾಗಿದ್ದು, ಒಂದೇ ಕಿವಿಯ ನರ ದುರ್ಬಲವಾಗಿದ್ದರೆ? ಆಗ ಸಿಟಿ ಬೇಡವೇ ಬೇಡ. ಕಿವಿಯಿಂದ ಮಿದುಳಿಗೆ ಹೋಗುವ ನರವನ್ನು ನೋಡುವ ಎಂಆರ್‌ಐ ಬೇಕು.

ವಿಕಿರಣದ ಬಗ್ಗೆ ಈಕೆಗೆ ಭಯ ಇತ್ತು. ಗರ್ಭಿಣಿಯಲ್ಲ ಅಂತ ಕೇಳಿ ಖಾತ್ರಿ ಮಾಡಿಕೊಂಡೆ. ಈ ಸಿಟಿಯಲ್ಲಿ ಬೀಳುವುದು ಸುಮಾರು 1 ಮಿಲಿಸೀವರ್ಟ್, ಒಳ್ಳೆಯ ಕಡೆ ಇನ್ನೂ ಕಮ್ಮಿ. ಮಣ್ಣು, ಗಾಳಿ, ಆಕಾಶದಿಂದ ನಮ್ಮೆಲ್ಲರ ಮೇಲೂ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2ರಿಂದ 3 ಮಿಲಿಸೀವರ್ಟ್ ಬೀಳುತ್ತಲೇ ಇರುತ್ತದೆ. ಕಣ್ಣಿನ ಮಸೂರ ಮಾತ್ರ ವಿಕಿರಣಕ್ಕೆ ನಾಜೂಕು. ತಲೆಯನ್ನು ಸರಿಯಾದ ಓರೆಯಲ್ಲಿ ಮಲಗಿಸಿದರೆ ಕಣ್ಣನ್ನು ಕಿರಣದ ದಾರಿಯಿಂದ ಹೊರಗಿಡಬಹುದು. ಒಳ್ಳೆಯ ಟೆಕ್ನಿಷಿಯನ್‌ಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಸಿಟಿ ಬಂತು. ಅಟಿಕ್ ತುಂಬ ಮೆದು ಪದಾರ್ಥ, ಅದು ಹಿಂದಕ್ಕೆ ಮ್ಯಾಸ್ಟಾಯ್ಡ್‌ವರೆಗೂ ಹೋಗಿದೆ. ಕಿವಿನಾಳದ ಮೇಲಂಚಿನಲ್ಲಿ ಚೂಪಾಗಿರಬೇಕಾದ ಮೂಳೆಯ ಮುಳ್ಳು ಮೊಂಡಾಗಿದೆ. ನಡುವಿನ ಮೂಳೆ ಇಂಕಸ್‌ನ ಉದ್ದನೆಯ ಕಾಲು ಇಲ್ಲವೇ ಇಲ್ಲ. ಕೇಳಿಸದಿರುವುದಕ್ಕೆ ಕಾರಣ ಸಿಕ್ಕಿತು. ಒಳಗಿನ ರಿಕಾಪು ಮೂಳೆ ಉಳಿದಿದೆ. ಮ್ಯಾಸ್ಟಾಯ್ಡ್ ಗೂಡುಗಳಿಲ್ಲದೆ ಕಲ್ಲಿನಂತಾಗಿದೆ, ಚಿಕ್ಕಂದಿನಿಂದ ಸೋರಿದ ಕಿವಿಯಲ್ಲಿ ಇದು ಮಾಮೂಲಿ. ಅಡ್ಡ ನಾಳದ ಮೇಲೆ ಸುಮಾರು 2 ಮಿ.ಮೀ. ಮೂಳೆ ಇಲ್ಲ.

ಸಿಟಿಯ ಮಿತಿಯೂ ಇದೇ ಫಿಲ್ಮ್‌ನಲ್ಲಿತ್ತು. ಅಟಿಕ್‌ನಲ್ಲಿ ತುಂಬಿರುವುದು ಏನು ಅಂತ ಸಿಟಿಗೆ ಗೊತ್ತಿಲ್ಲ. ಕೊಲೆಸ್ಟಿಯೇಟೋಮಾ, ಊದಿದ ಒಳಪದರ, ಕೆಂಪು ಮಾಂಸ, ಕೀವು ಎಲ್ಲವೂ ಒಂದೇ ಬೂದು ಬಣ್ಣ. ಬೀರು ತುಂಬಿದೆ, ಬಾಗಿಲು ಮುರಿದಿದೆ ಅಂತ ಹೇಳುತ್ತದೆ. ಒಳಗಿರುವುದು ಸೀರೆಯೋ ಕಂಬಳಿಯೋ ಅಂತ ಹೇಳುವುದಿಲ್ಲ. ನಾನು ಕಣ್ಣಾರೆ ಬಿಳಿ ಹೊಟ್ಟು ನೋಡಿದ್ದೆ, ಹಾಗಾಗಿ ತೊಂದರೆಯಾಗಲಿಲ್ಲ. ನಡುಗಿವಿಯಲ್ಲಿ ಪೂರ್ತಿ ಗಾಳಿಯೇ ಕಂಡಿದ್ದರೆ ಮಾತ್ರ ಇಲ್ಲಿ ಕೊಲೆಸ್ಟಿಯೇಟೋಮಾ ಇಲ್ಲ ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದಿತ್ತು.

ಛಾವಣಿಯ ಒಂದು ಕಡೆ ಮೂಳೆ ಕಾಣಲಿಲ್ಲ. ರಿಪೋರ್ಟಿನಲ್ಲಿ 'ಛಾವಣಿ ಸವೆದಿರುವ ಶಂಕೆ' ಅಂತಿತ್ತು. ಎಂಆರ್‌ಐ ಮಾಡಿಸಿ ಮಿದುಳು ಕೆಳಕ್ಕೆ ಇಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕೇ? ನಾನೂ ರೇಡಿಯಾಲಜಿಸ್ಟೂ ಒಟ್ಟಿಗೆ ಕೂತು ನೇರ ನೋಟದ ಚಿತ್ರಗಳನ್ನು ಒಂದೊಂದಾಗಿ ನೋಡಿದೆವು. ಕಾಗದದಷ್ಟು ತೆಳುವಾದ ಮೂಳೆ ಸಿಟಿಯಲ್ಲಿ ತೂತಿನ ಹಾಗೆ ಕಾಣುವುದು ಇದ್ದದ್ದೇ. ಅಲ್ಲಿ ಮೇಲಿನಿಂದ ಗುಂಡಗೆ ಏನೂ ಜೋತುಬಿದ್ದಿರಲಿಲ್ಲ. ಜೋತುಬಿದ್ದಿದ್ದರೆ ಎಂಆರ್‌ಐ ಬರೆಯುತ್ತಿದ್ದೆ. ಬರೆಯಲಿಲ್ಲ. ಆಪರೇಷನ್‌ನಲ್ಲಿ ನೋಡಿದಾಗ ಆ ಮೂಳೆ ತೆಳ್ಳಗಿತ್ತು, ಆದರೆ ಒಡೆದಿರಲಿಲ್ಲ. ಮುಖದ ನರದ ವಿಷಯದಲ್ಲಿ ಇದರ ತಿರುಗುಮುರುಗು. ರಿಪೋರ್ಟಿನಲ್ಲಿ ಕೊಳವೆ ಸರಿಯಾಗಿದೆ ಅಂತಿತ್ತು, ಒಳಗೆ ನೋಡಿದರೆ ಸ್ವಲ್ಪ ಉದ್ದಕ್ಕೆ ನರ ಬರಿದಾಗಿತ್ತು. ಅಲ್ಲಿನ ಮೂಳೆ ಅಷ್ಟು ತೆಳು, ಸಿಟಿಯ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ. ಹಾಗಾಗಿ ರಿಪೋರ್ಟ್ ಏನೇ ಹೇಳಲಿ, ನರ ಬರಿದಾಗಿದೆ ಅಂದುಕೊಂಡೇ ಕೈ ಹಾಕುವುದು.

ಸಿಟಿಯಿಂದ ಆಪರೇಷನ್ ಬದಲಾಯಿತೇ? ಬದಲಾಯಿತು. ತೂತು ಎಲ್ಲಿದೆ ಅಂತ ಮೊದಲೇ ಗೊತ್ತಿದ್ದರಿಂದ ಅದರ ಮೇಲಿನ ಚೀಲದ ಪದರವನ್ನು ಕೊನೆಯವರೆಗೂ ಮುಟ್ಟಲಿಲ್ಲ. ಉಳಿದದ್ದೆಲ್ಲ ತೆಗೆದ ಮೇಲೆ ಅದನ್ನು ಎಬ್ಬಿಸಿ, ಆ ಕ್ಷಣವೇ ಸ್ನಾಯುವಿನ ಹೊದಿಕೆಯ ತುಂಡು ಮತ್ತು ಮೂಳೆಯ ಪುಡಿ ಇಟ್ಟು ಮುಚ್ಚಿದೆ. ಮ್ಯಾಸ್ಟಾಯ್ಡ್ ಕಲ್ಲಾಗಿದ್ದರಿಂದ ಕಿವಿನಾಳದ ಹಿಂಗೋಡೆಯನ್ನು ತೆಗೆಯಬೇಕಾಯಿತು. ಹಾಗೆ ಬಿಟ್ಟರೆ ಕಿವಿಯೊಳಗೆ ಜೀವನಪೂರ್ತಿ ಒಂದು ದೊಡ್ಡ ಗುಂಡಿ. ಅದನ್ನು ಆಗಾಗ ಆಸ್ಪತ್ರೆಗೆ ಬಂದು ಶುಚಿ ಮಾಡಿಸಬೇಕು, ನೀರು ತಾಗಿಸಬಾರದು. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹುಯ್ಯುವ ಊರಿನವರಿಗೆ, ಬಸ್ಸಿಗೆ ಅರ್ಧ ದಿನ ಹಾಳು ಮಾಡಬೇಕಾದವರಿಗೆ ಅದು ಕಷ್ಟ. ಅದಕ್ಕೇ ಆ ಗುಂಡಿಯನ್ನು ಅವರದೇ ಮೂಳೆಯ ಪುಡಿ ಮತ್ತು ಮೆದುಮೂಳೆಯಿಂದ ತುಂಬಿ ಮುಚ್ಚಿದೆ. ಕೇಳಿಸುವುದಕ್ಕೆ ರಿಕಾಪಿನ ಮೇಲೊಂದು ಮೆದುಮೂಳೆಯ ಚೂರು ಇಟ್ಟೆ.

ಮುಚ್ಚಿದ್ದರ ಬೆಲೆ ಆಮೇಲೆ ತೆರಬೇಕು. ಒಂದು ಅಕ್ಕಿಕಾಳಿನಷ್ಟು ಚರ್ಮ ಒಳಗೆ ಉಳಿದಿದ್ದರೂ ಮತ್ತೆ ಬೆಳೆಯುತ್ತದೆ, ಬೆಳೆದರೆ ಕಣ್ಣಿಗೆ ಕಾಣುವುದಿಲ್ಲ. ಮತ್ತೆ ಸಿಟಿ ಮಾಡಿಸಿದರೂ ತುಂಬಿದ ಜಾಗ ಎಲ್ಲ ಒಂದೇ ಥರ ಕಾಣುತ್ತದೆ. ಈಗ ಪ್ರಶ್ನೆ ಬದಲಾಗಿದೆ. ಮೂಳೆ ಹೇಗಿದೆ ಅನ್ನುವುದು ಹೋಗಿ, ಒಳಗೆ ಚರ್ಮದ ಹೊಟ್ಟು ಇದೆಯಾ ಇಲ್ಲವಾ ಅನ್ನುವುದು ಬಂದಿದೆ. ಇಲ್ಲಿ ಎಂಆರ್‌ಐಗೆ ಸರಿಸಾಟಿ ಇಲ್ಲ. ಅದೂ ಎಲ್ಲ ಎಂಆರ್‌ಐ ಅಲ್ಲ, ನಾನ್‌-ಇಪಿಐ ಡಿಫ್ಯೂಷನ್ ಅನ್ನುವ ಬಗೆ. ಹೊಟ್ಟು ತುಂಬಿದ ಜಾಗದಲ್ಲಿ ನೀರಿನ ಕಣಗಳು ಸುಲಭವಾಗಿ ಓಡಾಡಲಾರವು, ಹಾಗಾಗಿ ಆ ಜಾಗ ಕತ್ತಲಲ್ಲಿ ಬಲ್ಬಿನಂತೆ ಬೆಳ್ಳಗೆ ಹೊಳೆಯುತ್ತದೆ. ಪಾರ್ಶ್ವವಾಯು ಬಂದವರಿಗೆ ಮಾಡುವ ಮಾಮೂಲಿ ಡಿಫ್ಯೂಷನ್ ಇಪಿಐ ಬಗೆಯದು, ಅಂದರೆ ಚಿತ್ರವನ್ನು ತುಂಬಾ ವೇಗವಾಗಿ ತೆಗೆಯುವಂಥದ್ದು. ಗಾಳಿ ಮತ್ತು ಮೂಳೆ ಸೇರುವ ಕಿವಿಯ ಹತ್ತಿರ ಅದರ ಚಿತ್ರ ಎಳೆದಾಡಿದ ಹಾಗೆ ಕೆಡುತ್ತದೆ, ಸಣ್ಣದು ತಪ್ಪಿಹೋಗುತ್ತದೆ. ನಾನ್‌-ಇಪಿಐಯಲ್ಲಿ 3 ಮಿ.ಮೀ. ಇದ್ದರೂ ಸಿಗುತ್ತದೆ. ಅದಕ್ಕಿಂತ ಚಿಕ್ಕದಕ್ಕೆ ಯಾವ ಭರವಸೆಯೂ ಇಲ್ಲ. ಅದಕ್ಕೇ ಆಪರೇಷನ್ ಆದ ತಕ್ಷಣ ಮಾಡಿಸಿ ಪ್ರಯೋಜನವಿಲ್ಲ, ಬೆಳೆಯಲು ಸಮಯ ಕೊಡಬೇಕು. ವರ್ಷದ ಹೊತ್ತಿಗೆ ಮೊದಲನೆಯದು.

ಈ ಎಂಆರ್‌ಐಗೆ ಕಾಂಟ್ರಾಸ್ಟ್ ಬೇಡ, ವಿಕಿರಣ ಇಲ್ಲ. "ಕಿವಿಯೊಳಗೆ ಏನಾದ್ರೂ ಲೋಹ ಇಟ್ಟಿದ್ದೀರಾ?" ಅಂತ ಸ್ಕ್ಯಾನ್ ಸೆಂಟರಿನವರು ಕೇಳಿದರು. ಇಟ್ಟಿಲ್ಲ. ಇಟ್ಟಿದ್ದರೂ ಈಗಿನ ಟೈಟೇನಿಯಂ ತುಂಡುಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. 1987ರಲ್ಲಿ ರಿಕಾಪು ಮೂಳೆಯ ಬದಲಿಗೆ ಇಡುವ ಒಂದು ಬಗೆಯ ಸ್ಟೇಪಿಸ್ ಪಿಸ್ಟನ್‌ನ ಕೆಲವು ಬ್ಯಾಚುಗಳು ಅಯಸ್ಕಾಂತಕ್ಕೆ ಎಳೆಯುವ ಉಕ್ಕಿನವು ಅಂತ ಗೊತ್ತಾಗಿ ಹಿಂದಕ್ಕೆ ತೆಗೆದುಕೊಂಡಿದ್ದರು. ಆ ಕಾಲದ ಆಪರೇಷನ್ ಆದವರು ಹಳೆಯ ಕಾಗದ ತೋರಿಸುವುದು ಒಳ್ಳೆಯದು. ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸದವರಿಗೆ ಒಳಗಿವಿಗೆ ಜೋಡಿಸುವ ಉಪಕರಣ) ಇರುವವರ ಲೆಕ್ಕ ಬೇರೆ, ಅದರಲ್ಲಿ ಅಯಸ್ಕಾಂತವೇ ಇರುತ್ತದೆ.

ವರ್ಷದ ಮೇಲೆ ಅವರು ನೇರವಾಗಿ ಸ್ಕ್ಯಾನ್ ಸೆಂಟರಿಗೆ ಹೋಗಿ ಫಿಲ್ಮ್ ಹಿಡಿದುಕೊಂಡೇ ಬಂದರು. ನಾನು ಮೊದಲು ನೋಡಿದ್ದು ಯಾವ ಬಗೆಯ ಡಿಫ್ಯೂಷನ್ ಮಾಡಿದ್ದಾರೆ ಅಂತ. ಚೀಟಿಯಲ್ಲಿ ಬರೆದಿದ್ದ ಹಾಗೆಯೇ ನಾನ್‌-ಇಪಿಐ. ಆದರೆ ಬಲಗಡೆ 4 ಮಿ.ಮೀ.ನಷ್ಟು ಒಂದು ಬಿಳಿ ಚುಕ್ಕೆ. ರಿಪೋರ್ಟಿನಲ್ಲಿ 'ಮರುಕಳಿಸಿದ ಕೊಲೆಸ್ಟಿಯೇಟೋಮಾ' ಅಂತ ಬರೆದಾಗಿತ್ತು. ತಮ್ಮನ ಮುಖ ಮತ್ತೆ ಇಳಿದುಹೋಗಿತ್ತು.

ಬಿಳಿ ಕಂಡಿದ್ದೆಲ್ಲ ಕೊಲೆಸ್ಟಿಯೇಟೋಮಾ ಅಲ್ಲ. ಕೀವು ಹೊಳೆಯುತ್ತದೆ. ಹಳೆಯ ರಕ್ತ ಕಟ್ಟಿದ ಕೊಲೆಸ್ಟರಾಲ್ ಗ್ರಾನ್ಯುಲೋಮಾ ಕೂಡ ಹೊಳೆಯಬಹುದು. ಅದು ಟಿ1 ಅನ್ನುವ ಇನ್ನೊಂದು ಬಗೆಯ ಚಿತ್ರದಲ್ಲೂ ಬೆಳ್ಳಗಿರುವುದರಿಂದ ಗುರುತು ಸಿಗುತ್ತದೆ. ಈ ಚುಕ್ಕೆ ಟಿ1ನಲ್ಲಿ ಮಂಕು, ನೀರಿನ ಕಣಗಳ ಓಡಾಟವನ್ನು ಅಳೆಯುವ ಎಡಿಸಿ ನಕ್ಷೆಯಲ್ಲಿ ಕಪ್ಪು. ಅಂದರೆ ಚರ್ಮದ ಹೊಟ್ಟೇ ಇರಬೇಕು. ಪ್ರಶ್ನೆ ಉಳಿದಿದ್ದು ಎಲ್ಲಿ ಅನ್ನುವುದು. ಡಿಫ್ಯೂಷನ್ ಚಿತ್ರದಲ್ಲಿ ಚುಕ್ಕೆ ಕಾಣುತ್ತದೆ, ಸುತ್ತಲಿನ ಜಾಗ ಕಾಣುವುದಿಲ್ಲ. ಅದನ್ನು ಟಿ2 ಚಿತ್ರದ ಪಕ್ಕದಲ್ಲಿಟ್ಟು, ಹಳೆಯ ಸಿಟಿಯನ್ನೂ ತೆರೆದು ನೋಡಿದೆ. ಚುಕ್ಕೆ ತುಂಬಿ ಮುಚ್ಚಿದ ಗುಂಡಿಯೊಳಗೆ ಇರಲಿಲ್ಲ. ಹೊರಗಿನ ಕಿವಿನಾಳದ ಹಿಂಭಾಗದಲ್ಲಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹೊಸ ನಾಳದ ಮಡಿಕೆಯಲ್ಲಿ ಒಣ ಹೊಟ್ಟು, ಗುಗ್ಗೆ ಸೇರಿ ಗಟ್ಟಿಯಾಗಿ ಕೂತಿತ್ತು. ಐದು ನಿಮಿಷದಲ್ಲಿ ತೆಗೆದೆ. ಕೆಳಗಿನ ಚರ್ಮ ಶುಭ್ರವಾಗಿತ್ತು. ಮರುಕಳಿಸಿದ್ದು ಏನೂ ಇಲ್ಲ ಅಂತ ರೇಡಿಯಾಲಜಿಸ್ಟ್‌ಗೆ ಫೋನ್ ಮಾಡಿ ಹೇಳಿದೆ, ಅವರು ರಿಪೋರ್ಟಿಗೆ ತಿದ್ದುಪಡಿ ಸೇರಿಸಿಕೊಟ್ಟರು. ಇನ್ನು ಮೇಲೆ ಮೊದಲು ನನ್ನಲ್ಲಿ ಬಂದು ಕಿವಿ ಶುಚಿ ಮಾಡಿಸಿ, ಆಮೇಲೆ ಸ್ಕ್ಯಾನ್‌ಗೆ ಹೋಗಿ ಅಂತ ಕಾರ್ಡಿನಲ್ಲಿ ಬರೆದುಕೊಟ್ಟೆ.

ಆಪರೇಷನ್ ಆಗದ ಕಿವಿಯಲ್ಲಿ ಈ ಕ್ರಮ ತಿರುಗುತ್ತದೆ ಅನ್ನುವುದನ್ನೂ ಹೇಳಬೇಕು. ಅಲ್ಲಿ ಚೀಲದ ಬಾಯಿಯಿಂದ ಹೊಟ್ಟನ್ನೆಲ್ಲ ಸಕ್ಷನ್ ಮಾಡಿ ಎಂಆರ್‌ಐಗೆ ಕಳಿಸಿದರೆ ಹೊಳೆಯಲು ಏನೂ ಉಳಿದಿರುವುದಿಲ್ಲ. ಚೀಲ ಇದ್ದರೂ ಇಲ್ಲ ಅಂತ ಬರುತ್ತದೆ.

ಈಗ ತಲೆಸುತ್ತಿಲ್ಲ, ವಾಸನೆಯಿಲ್ಲ. ಕೇಳಿಸುವುದು ಪೂರ್ತಿ ಅಲ್ಲದಿದ್ದರೂ ಸುಮಾರು ಸುಧಾರಿಸಿದೆ. ಮುಂದಿನ ಎಂಆರ್‌ಐ ಮೂರನೇ ವರ್ಷಕ್ಕೆ, ಆಮೇಲೆ ಐದನೇ ವರ್ಷಕ್ಕೆ. ನಡುವೆ ಹೊಸದಾಗಿ ಸೋರಿದರೆ, ಮತ್ತೆ ಸುತ್ತಿದರೆ ಕಾಯುವುದು ಬೇಡ ಅಂದಿದ್ದೇನೆ.

ಹೋದ ಸಲ ಬಂದಾಗ ಹತ್ತು ವರ್ಷದ ಮಗನನ್ನೂ ಕರೆತಂದಿದ್ದರು. ನೆಗಡಿಯಾದಾಗಲೆಲ್ಲ ಅವನ ಕಿವಿಯೂ ಸೋರುತ್ತದಂತೆ. "ನನ್ನ ಥರ ಆಗೋಕೆ ಮುಂಚೆ ಇವನಿಗೂ ಸಿಟಿ ಮಾಡಿಸಿಬಿಡೋಣ ಡಾಕ್ಟ್ರೇ." ನೋಡಿದೆ. ತಮಟೆಯ ನಡುಭಾಗದಲ್ಲಿ ಸಣ್ಣ ಒಣ ತೂತು, ಅಂಚು ಸುತ್ತಲೂ ಚೆನ್ನಾಗಿದೆ. ಅಟಿಕ್‌ನಲ್ಲಿ ಜೇಬಿಲ್ಲ, ಹೊಟ್ಟಿಲ್ಲ, ವಾಸನೆಯಿಲ್ಲ. ಅವನಿಗೆ ಸಿಟಿಯನ್ನೂ ಬರೆಯಲಿಲ್ಲ, ಎಂಆರ್‌ಐಯನ್ನೂ ಬರೆಯಲಿಲ್ಲ. ಆಡಿಯೋಗ್ರಾಮ್ ಬರೆದೆ, ಸ್ನಾನಕ್ಕೆ ಮುಂಚೆ ವ್ಯಾಸಲಿನ್ ಹಚ್ಚಿದ ಹತ್ತಿ ಇಡಲು ಹೇಳಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದೆ.